ಮೊರದ ನೆರಳು

ವಿ.ಸಿ. ನಾಲೆಯ ಮೂರನೇ ತೂಬಿನ ಪಕ್ಕ
ಬದುವಿನ ಬುಡದಲ್ಲಿ ಒಂದು ಬಿಲ.
ಬಾಯಿಗೆ ಉಂಡೆಉಂಡೆ ಹಸಿಮಣ್ಣು.
ನಾನು ಏಳನೇ ಕ್ಲಾಸು, ಗದ್ದೆಗೆ ನೀರು ಕಟ್ಟಲು ಹೋದವನು,
ಬಿಸಿಲಿಗೆಂದು ತಲೆಯ ಮೇಲೆ ಅವ್ವನ ಹಳೇ ಮೊರ.

ನಳ್ಳಿ ಹೊರಗೆ ಕೂತಿತ್ತು.
ಮೊರ ಬೀಸಿದೆ. ಸರಕ್ಕನೆ ಒಳಗೆ.
ಕಾದೆ.
ಮೊದಲು ಕಣ್ಣಿನ ಕಡ್ಡಿ ಎರಡು, ಆಮೇಲೆ ಕೊಂಡಿ,
ಆಮೇಲೆ ಪೂರಾ ನಳ್ಳಿ.
ಮತ್ತೆ ಬೀಸಿದೆ. ಮತ್ತೆ ಒಳಗೆ.
ತೂಬಿನ ಕಲ್ಲಿನ ಮೇಲೆ ಇದ್ದಿಲಲ್ಲಿ ಗೀಟೆಳೆದೆ.

ಹನ್ನೊಂದನೇ ಗೀಟಿಗೆ ಬಾಗಿಲಲ್ಲೇ ನಿಂತಿತು.
ಹತ್ತೊಂಬತ್ತಕ್ಕೆ ಓಡಲಿಲ್ಲ, ಕಾಲು ಮಡಚಿ ನೆಲಕ್ಕಂಟಿತು.
ಇಪ್ಪತ್ತಾರಕ್ಕೆ
ಪಾಚಿ ಕಿತ್ತು ಬಾಯಿಗಿಡುತ್ತಿತ್ತು,
ಬಲಗೈ ಎಡಗೈ ಬಲಗೈ ಎಡಗೈ,
ಆಕಾಶ ಅಷ್ಟಗಲ ಕಪ್ಪಾಗಿ
ಅದರ ಮೇಲೆ ಹಾದುಹೋಗುತ್ತಿದ್ದರೂ.

ಮಾರನೇ ದಿನವೂ ಅದಕ್ಕೆ ನೆನಪಿತ್ತು.
ನನಗೆ ಅವಮಾನವಾಯಿತು, ನಿಜ ಹೇಳುತ್ತೇನೆ.
ಹಿಡಿದು ಬಕೆಟ್ಟಿಗೆ ಹಾಕಿ ಹಿತ್ತಲಿಗೆ ತಂದೆ,
ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಟ್ಟು
ಅದೇ ಮೊರ ಬೀಸಿದೆ.
ಬದುಕಿದೆಯಾ ಬಡಜೀವವೇ ಎಂದು ಓಡಿತು!
ಅದು ಒಗ್ಗಿದ್ದು ಮೊರಕ್ಕಲ್ಲ,
ಮೂರನೇ ತೂಬಿನ ಪಕ್ಕದ ಮೊರಕ್ಕೆ.

ನೀರುಗಂಟಿ ಕಾಳಬೋರಯ್ಯ ಬೇಲಿಯಾಚೆಯಿಂದ ನಕ್ಕ:
"ದಿನಾ ಓಡ್ತಾ ಕುಂತ್ರೆ
ಉಣ್ಣೋದ್ ಯಾವಾಗ್ಲಾ ಮಗ?"

ಸಂಜೆಗೆ ತಗೊಂಡು ಹೋಗಿ ಅದರ ಜಾಗದಲ್ಲೇ ಬಿಟ್ಟೆ.
ಮೂರು ದಿನ ಬಿಟ್ಟು ದೇವೀರಮ್ಮ ಬದುವಿಗೆ ಬಂದಳು,
ಸೊಂಟಕ್ಕೆ ಕುಕ್ಕೆ, ಮೊಳಕೈವರೆಗೂ ಕೆಸರು.
ಬಗ್ಗಿದರೆ ಅವಳ ನೆರಳು
ಹೆಚ್ಚುಕಡಿಮೆ ಮೊರದಷ್ಟೇ ಅಗಲ.
ರಾತ್ರಿ ಅವಳ ಮನೆಯಿಂದ ಒಂದು ಬಟ್ಟಲು ಸಾರು ಬಂತು.
ಯಾವ ಬಿಲದ್ದು ಎಂದು ಕೇಳಲಿಲ್ಲ.
ಮುದ್ದೆ ಮುರಿದು ಅದರಲ್ಲಿ ಅದ್ದಿದ್ದು ಮಾತ್ರ ನೆನಪಿದೆ.

ಈಗ ನಮ್ಮೂರ ಪಡುವಲಿಗೆ ಕಲ್ಲು ಕ್ವಾರಿ.
ಮಧ್ಯಾಹ್ನ ಎರಡೂವರೆಗೆ ಸಿಡಿಸುತ್ತಾರೆ.
ನರಸೀಪುರದಿಂದ ಮದುವೆಯಾಗಿ ಬಂದ ಸುಗುಣ
ಮೊದಲ ವಾರ ಬಾಗಿಲು ತೆಗೆದು ಬೀದಿಗೇ ಓಡಿದಳು,
ಆಮೇಲೆ ನಡುಮನೆ ಕಂಬ ಹಿಡಿದು ನಿಂತಳು,
ಆಮೇಲೆ ನಿಂತದ್ದೂ ಇಲ್ಲ.

ಹೋದ ತಿಂಗಳು ಅವಳ ತವರಲ್ಲಿ ನಾಮಕರಣ.
ಅಡುಗೆಯವರ ಕೈಯಿಂದ ಯಾವುದೋ ಕೊಪ್ಪರಿಗೆ ಬಿತ್ತು, ಧಡ್!
ಕಣ್ಣು ಬಿಟ್ಟಾಗ ನಾನು ಅಂಗಳದಲ್ಲಿದ್ದೆ,
ಕೈಯಲ್ಲಿ ಅರ್ಧ ಹೋಳಿಗೆ.
ಪಂಕ್ತಿ ಪೂರಾ ನಕ್ಕಿತು. ಮಾವನವರು ನೀರು ಕೊಟ್ಟರು.

ವಾಪಸು ಬಂದವನು ಚಪ್ಪಲಿ ಬಿಡುವ ಮೊದಲು
ಅಡುಗೆಮನೆ ಗೋಡೆಯ ಬಿರುಕು ನೋಡಿದೆ.
ಅದರ ತುದಿಗೆ ಪೆನ್ಸಿಲ್ಲಿನ ಗೀಟೆಳೆದು
ತಾರೀಕು ಬರೆಯುವುದು ನನ್ನ ಅಭ್ಯಾಸ.
ಗೀಟು ದಾಟಿ ಎರಡು ಬೆರಳು ಮುಂದೆ ಹೋಗಿತ್ತು.

ಹೊಸ ಗೀಟೆಳೆದೆ. ಊಟಕ್ಕೆ ಕೂತೆವು.
ಎರಡೂವರೆಗೆ ಸುಗುಣ, ಮಾತು ನಿಲ್ಲಿಸದೆ,
ಮಜ್ಜಿಗೆ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.