ಷರಾ

ಜೂನಿನಲ್ಲಿ ಇಪ್ಪತ್ತಾರು ಮಕ್ಕಳು.
ದಸರಾ ಕಳೆದು ಬೀಗ ತೆಗೆದರೆ ಹದಿನೇಳು.
ಜ್ವರವಲ್ಲ, ಅಮ್ಮನೂ ಅಲ್ಲ. ಬಾಡಿಗೆ.

ಸೀಗೆಹಟ್ಟಿಯ ನಮ್ಮ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ
ಬಲಗಡೆ ಕೊನೆಗೆ, ಷರಾ ಅಂತ ಒಂದು ಸಣ್ಣ ಕಲಮು.
ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ:

ತರನ್ನುಮ್, ಹೊಳೆಯಾಚೆ, ಹರಿಗೆ.
ಅಪ್ಪನ ಗುಜರಿ ಗಾಡಿಯಲ್ಲೇ ಹೋಯಿತು ಸಾಮಾನು.
ಚಾಪೆಯ ಸುರುಳಿಯ ಮೇಲೆ ಕೂತು
ಟಾಟಾ ಮಾಡಿದಳು, ಗೆದ್ದು ಬಂದ ಮೆಂಬರಿನ ಹಾಗೆ.

ಓಂಕಾರಿ, ಹನ್ನೊಂದೂವರೆ ಕಿಲೋ.
ಎಲ್ಲಿಗೆ ಹೋದರೋ ಪಕ್ಕದ ಮನೆಗೆ ಗೊತ್ತಿಲ್ಲ,
ಪಕ್ಕದ ಮನೆಯೂ ಹೊಸದು.

ಎಂಟು ಸಂಸಾರದ ವಠಾರ ಅದು, ಒಂದೇ ನಲ್ಲಿ.
ಈಗ ಪ್ಲೈವುಡ್ ಅಡ್ಡ ಹಾಕಿ, ಕೋಣೆಗೆ ನಾಲ್ಕು ಮಂಚ.
ಕೋಚಿಂಗಿಗೆ ಬಂದ ಹುಡುಗರು. ಅವರ ಮೇಲೆ ಸಿಟ್ಟಿಲ್ಲ,
ಮಂಚದ ಲೆಕ್ಕದಲ್ಲಿ ಅವರನ್ನೂ ಹಿಂಡುತ್ತಾರೆ.
ಆದರೆ ಕೂಸನ್ನು ಅರ್ಧ ಗಂಟೆ ನೋಡ್ಕೋ ಅಂತ
ಯಾರ ಕೈಗೆ ಕೊಟ್ಟು ಹೋಗುವುದು?
ಮೂಲೆ ಅಂಗಡಿಯ ವಾಮನ ಕಿಣಿಯವರು
ಸಾಲದ ಪುಸ್ತಕ ಬಿಡಿಸಿ ತೋರಿಸಿದರು: ಅರ್ಧಕ್ಕರ್ಧ ಖಾಲಿ.
'ಕೊಡಬಾರದು ಅಂತಲ್ಲ ಟೀಚರೇ,
ಮುಂದಿನ ತಿಂಗಳು ಇರ್ತಾರೋ ಇಲ್ವೋ.'
ಸಾಲವೂ ಹುಟ್ಟದ ಬೀದಿ.

ನಾವೂ ಬಾಡಿಗೆಯವರೇ, ಹೇಳಲು ಮರೆತೆ.
'ಸರ್ಕಾರದ ದುಡ್ಡು ಬರೋ ಹೊತ್ತಿಗೆ
ನನಗೆ ಮೊಮ್ಮಗ ಹುಟ್ಟಿರ್ತಾನೆ,' ಅಂತಾರೆ ಓನರು.
ಯುಗಾದಿಯೊಳಗೆ ಖಾಲಿ ಮಾಡಬೇಕು.
ಟು ಲೆಟ್ ಬೋರ್ಡು ಕಂಡಲ್ಲೆಲ್ಲ ಫೋನು ಮಾಡುತ್ತೇನೆ.
ಎಷ್ಟು ಜನ?
ಹದಿನೇಳು.
...
ಮಾಂಸ ಮೊಟ್ಟೆ ತಿಂತೀರಾ?
ಮೊಟ್ಟೆ. ಸರ್ಕಾರದ್ದು.
ಅಡ್ವಾನ್ಸು?
ಇಲಾಖೆಗೆ ಬರೆದಿದ್ದೇವೆ.
ಅಷ್ಟರಲ್ಲಿ ಫೋನು ಇಟ್ಟಾಗಿರುತ್ತದೆ.

ಸಿಕ್ಕರೆ ಮೊದಲು ಮಾಡಿನತ್ತ ನೋಡಬೇಕು,
ತೂಕದ ತಕ್ಕಡಿ ನೇತುಹಾಕಲು ಕೊಕ್ಕೆ ಉಂಟೋ ಅಂತ.
ಗೋಡೆಯ ಮೇಲಿನ ಎತ್ತರದ ಗೆರೆಗಳನ್ನು
ಹೇಗೆ ಒಯ್ಯುವುದೋ ಗೊತ್ತಿಲ್ಲ.

ನಿನ್ನೆ ತರನ್ನುಮ್ ಬಂದಿದ್ದಳು,
ಎರಡು ಬಸ್ಸು ಬದಲಿಸಿ, ಅಮ್ಮನ ಸೆರಗು ಹಿಡಿದು.
ಅಲ್ಲಿ ಸೇರಿಸಲು ಕರೆಂಟ್ ಬಿಲ್ಲು ಕೇಳಿದರಂತೆ,
ಓನರು ಕೊಡಲೊಲ್ಲರಂತೆ.
ತನ್ನ ಗೆರೆಗೆ ಬೆನ್ನು ಕೊಟ್ಟು ನಿಂತಳು.
ಒಂದು ಬೆರಳು ಬೆಳೆದಿದ್ದಾಳೆ.

ಷರಾ ಉಜ್ಜಿದೆ.
ರಬ್ಬರಿಗೆ ಅಕ್ಷರ ಹೋಯಿತು,
ಒತ್ತಿ ಬರೆದದ್ದಲ್ಲವೇ, ಹಾಳೆಯ ಹಿಂದೆ
ಹರಿಗೆ ಇನ್ನೂ ಕೈಗೆ ಸಿಗುತ್ತದೆ.