ಮೂವತ್ತಮೂರು, ನಲವತ್ತಮೂರು

ಹದಿಮೂರು ತುಂಬಿದರೂ ಇಂಚರಳ ಕೆಳಸಾಲಿನಲ್ಲಿ
ಹಾಲುಹಲ್ಲೆರಡು ಕೂತೇ ಇದ್ದವು,
ಮದುವೆ ಮುಗಿದರೂ ಎದ್ದು ಹೋಗದ ನೆಂಟರ ಹಾಗೆ.
"ಬೀಳ್ತವೆ ಬಿಡು" ಅಂದಳು ನಮ್ಮವ್ವ,
"ನಮ್ಮ ಕಡೆ ಎಲ್ಲಾ ನಿಧಾನ."
ಬಿಟ್ಟೆ. ಅರಸೀಕೆರೆ ಜಂಕ್ಷನ್ನಿನ ಪಾಯಿಂಟ್ಸ್‌ಮನ್ನಿಗೆ
ತಡ ಅನ್ನುವುದು ಹೊಸದಲ್ಲ.

ಹಾಸನದ ಸಾಲಗಾಮೆ ರಸ್ತೆ, ಮಹಡಿಯ ಮೇಲೆ ಆಸ್ಪತ್ರೆ.
ಡಾಕ್ಟರ್ ಶಾಹಿದಾ ಬೆರಳಿಟ್ಟು ಒಸಡು ಒತ್ತಿದರು,
ಉಬ್ಬು ಸಿಗಲಿಲ್ಲ. ಮತ್ತೆ ಒತ್ತಿದರು.
ಎಕ್ಸ್‌ರೇ ತೆಗೆಸಿ ಅಂದರು, ಇಡೀ ದವಡೆಯದು.

ಮಗಳು ಗದ್ದ ಊರಿ ನಿಂತಳು; ಯಂತ್ರ
ಅವಳ ತಲೆಗೊಂದು ಪ್ರದಕ್ಷಿಣೆ ಬಂತು.
ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲೆ
ಅವಳ ನಗು, ತುಟಿಯಿಲ್ಲದೆ.
ಸ್ವಂತ ಮಗಳ ಬುರುಡೆಯನ್ನು
ನೋಡಬಾರದು ಯಾರೂ.

ಹಾಲುಹಲ್ಲಿನ ಅಡಿಯಲ್ಲಿ ಖಾಲಿ.
ಇರಬೇಕಾದ ಕೋರೆಗಳು ಎಲ್ಲಿ?
ಪೆನ್ನಿನ ತುದಿ ಕೆಳಗಿಳಿಯಿತು, ಇನ್ನೂ ಕೆಳಗೆ,
ಗದ್ದದ ಎಲುಬಿನೊಳಗೆ, ಬಾಚಿಹಲ್ಲುಗಳ ಬೇರಿನಡಿ
ಒಂದು ಓರೆಯಾಗಿ, ಇನ್ನೊಂದು ಪೂರಾ ಮಲಗಿ.
"ಇದು ಮೂವತ್ತಮೂರು. ಇದು ನಲವತ್ತಮೂರು."
ನಮ್ಮ ಯಾರ್ಡಿನಲ್ಲೂ ಪಾಯಿಂಟಿಗೆ ನಂಬರಿದೆ;
ಅಷ್ಟು ಮಾತ್ರ ಚೆನ್ನಾಗಿ ಅರ್ಥವಾಯಿತು.

ನಲವತ್ತಮೂರು ಮಲಗಿದಲ್ಲೇ ನಡೆದಿತ್ತು.
ಬಲಕ್ಕೆ ಹುಟ್ಟಿ, ನಡುಗೆರೆ ದಾಟಿ,
ಎಡಗಡೆ ಮನೆಯವರ ಕೆಳಗೆ ತಲೆ ತೂರಿಸಿತ್ತು.
ಸಿಗ್ನಲ್ಲಿಲ್ಲ, ಬಾವುಟವಿಲ್ಲ, ನೋವೂ ಇಲ್ಲ,
ವರ್ಷಗಟ್ಟಲೆ ಕತ್ತಲಲ್ಲಿ, ಹಳಿಯಿಲ್ಲದೆ.
"ಯಾಕೆ ಹೀಗೆ?"
"ಗೊತ್ತಿಲ್ಲ" ಅಂದರು. ಆ ಒಂದು ಮಾತಿಗೆ
ಅವರ ಮೇಲೆ ನಂಬಿಕೆ ಬಂತು.

ವಾಪಸು ಬರುವಾಗ ರೈಲಿನಲ್ಲಿ, ಬಾಗೇಶಪುರ ದಾಟಿದ ಮೇಲೆ,
ಅವಳಮ್ಮ ಬಾಯಿ ಬಿಟ್ಟಳು:
"ಬಸುರಿಯಲ್ಲಿ ಕೊಟ್ಟ ಬಿಳಿ ಗುಳಿಗೆ
ಅರ್ಧ ನುಂಗಿದೆ, ಅರ್ಧ ಕಿಟಕಿಯಾಚೆ ಎಸೆದೆ."
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ.
ಹದಿಮೂರು ವರ್ಷ ಅದನ್ನು ಎಲ್ಲಿ ಹೂತಿದ್ದಳೋ.

ಮೂವತ್ತಮೂರಕ್ಕೆ ಇನ್ನೂ ಆಸೆ ಇತ್ತು,
ಆದರೆ ದಾರಿಗೆ ಅಡ್ಡ ನಲವತ್ತಮೂರು.
ಒಂದು ತೆರವಾಗದೆ ಇನ್ನೊಂದನ್ನು ಬಿಡುವಂತಿಲ್ಲ.
ಈ ಕಾನೂನು ನನಗೆ ಹೇಳಿಕೊಡಬೇಕೆ?
ಎರಡು ತುಂಡು ಮಾಡಿ ತೆಗೆದರು.
ಆ ಕಡೆಯ ಹಾಲುಹಲ್ಲು ಇರಲಿ, ಇರುವಷ್ಟು ದಿನ.

ಈ ಕಡೆ ಒಸಡು ಸೀಳಿ, ಎಲುಬು ಕೆರೆದು,
ಅಡಗಿದ ಹಲ್ಲಿಗೊಂದು ಗುಂಡಿ ಅಂಟಿಸಿ, ಗುಂಡಿಗೊಂದು ಸರಪಳಿ,
ಕೂಸಿನ ಕಾಲ್ಗೆಜ್ಜೆಯ ಕೊಂಡಿಗಿಂತ ಸಣ್ಣದು,
ಹೊರಗಿನ ತಂತಿಗೆ ಬಿಗಿದರು.
"ಜೋರಾಗಿ ಎಳೆದರೆ ಬೇರು ಕರಗುತ್ತೆ.
ತಿಂಗಳಿಗೊಂದು ಮಿಲಿಮೀಟರು ಸಾಕು."
ಬಟನ್ನು ಬರುವ ಮುಂಚೆ
ಸನ್ನೆಗೋಲು ಎಳೆದೆಳೆದೇ ತೋಳು ಬಲಿತವನು ನಾನು,
ಒಂದೇ ಎಳೆತಕ್ಕೆ ಇಡೀ ಗಾಡಿಯ ದಿಕ್ಕು ಬದಲಿಸಿದವನು.
ಅಲ್ಲಿ ಕೈಕಟ್ಟಿ ಕೂತೆ.

ಕೊಬ್ಬರಿ ಬೇಡ, ಕಡಲೆ ಬೇಡ, ಕಬ್ಬಂತೂ ಬೇಡವೇ ಬೇಡ.
"ಮುದ್ದೆ ನುಂಗೋ ಊರಲ್ಲಿ ಹಲ್ಲಿನ ಚಿಂತೆಯಾ?"
ಅವ್ವ ಬೊಚ್ಚುಬಾಯಲ್ಲಿ ನಕ್ಕಳು.
ಇಂಚರ ಮಾತ್ರ ಕೈ ಅಡ್ಡವಿಟ್ಟು ನಗುವುದು ಕಲಿತಳು.

ಹದಿನಾಲ್ಕನೆಯ ತಿಂಗಳು, ಹಲ್ಲುಜ್ಜುತ್ತಾ
ಬಚ್ಚಲಿಂದಲೇ ಕೂಗಿದಳು: ಅಪ್ಪಾ!
ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು.
ಟಾರ್ಚು ಹಿಡಿದು ನೋಡಿದೆ, ಡ್ಯೂಟಿಯ ಟಾರ್ಚು.
ಔಟರಿನಲ್ಲಿ ನಿಂತ ಗಾಡಿಯ ದೀಪ
ಇಷ್ಟೇ ಕಾಣುವುದು ಮೊದಲು.

ತೆಗೆದದ್ದನ್ನು ಪುಟ್ಟ ಬಾಟಲಿಯಲ್ಲಿ ಕೊಟ್ಟಿದ್ದರು.
ಸೆಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸಿ ಅಂದಳು ಅವ್ವ.
"ಅದು ಹಾಲುಹಲ್ಲಲ್ಲ ಅಜ್ಜಿ,
ಎಸೆದು ಯಾವ ಹಲ್ಲನ್ನ ಬಾ ಅನ್ನಲಿ?"
ಉತ್ತರ ಇರಲಿಲ್ಲ ಯಾರಲ್ಲೂ.
ನನ್ನ ಲಾಕರಿನಲ್ಲಿಟ್ಟೆ, ಕೆಂಪು ಹಸಿರು ಬಾವುಟಗಳ ಪಕ್ಕ.

ಒಂದು ಕಾಳೂ ಕಡಿಯದ ಹಲ್ಲು.
ರಾತ್ರಿ ಎರಡೂವರೆಗೆ ಅದಿರಿನ ಗೂಡ್ಸು ಹಾದುಹೋಗುವಾಗ
ತಗಡಿನ ಬೀರು ನಡುಗಿ, ಬಾಟಲಿಯೊಳಗೆ
ಆ ಎರಡು ತುಂಡು
ಒಂದನ್ನೊಂದು ಕಟಕಟ ಕಡಿಯುತ್ತವೆ.