ಹೊತ್ತು ಮುಳುಗೂತನಕ

ಮಗ್ಗದ ಕುಣಿಯಾಗ ಕಾಲು, ಮ್ಯಾಲೆ ಕೈ.
ಮೂವತ್ತು ವರ್ಷ ಹಿಂಗ ಅರ್ಧ ಹೂತುಕೊಂಡೇ
ಗುಳೇದಗುಡ್ಡದ ಖಣ ನೇದೀನಿ.
ಲಾಳಿ ಈ ಕಡಿಂದ ಆ ಕಡಿಗೆ, ಆ ಕಡಿಂದ ಈ ಕಡಿಗೆ.

ಕುಡಿಯೂದು ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ.
ದೊಡ್ಡ ಮಾತಲ್ಲ, ಗೊತ್ತೈತಿ.
ಹಿಂದ ಒಮ್ಮೆ ನಲವತ್ತರತನಕ ಹೋಗಿ ಬಂದೀನಿ.
ಆವಾಗ ಯೆರಿಕೋ ಸುತ್ತಿದವರ ಗತೆ
ಬಸ್ ಸ್ಟ್ಯಾಂಡ್ ಹಿಂದಿನ ಆ ಅಂಗಡಿ ಸುತ್ತಿದ್ದೆ,
ದಿನಕ್ಕೊಂದು ಸುತ್ತು, ಬಾಯಿ ಬಿಡದ,
ಏಳನೆ ದಿನ ಏಳು ಸುತ್ತು.
ಗೋಡೆ ಬೀಳಲಿಲ್ಲ.
ಬಿದ್ದಾವ ನಾನು.
ಎತ್ತಿ ತಂದು ಕಟ್ಟಿ ಮ್ಯಾಲೆ ಒರಗಿಸಿದವರು ಯಾರಂತ
ಮರುದಿನ ಕೇಳಲಿಲ್ಲ. ನಾಚಿಕಿ.

ಮಗಳು ಸುನೀತಿ ರವಿವಾರ ಸಾಲಿ ನಾಟಕಕ್ಕ
ಯುದ್ಧದ ವೇಷ ಹಾಕ್ಕೊಂಡಿದ್ದಳು.
ರಟ್ಟಿನ ಶಿರಸ್ತ್ರಾಣ, ರಟ್ಟಿನ ಕತ್ತಿ,
ಬೆಳ್ಳಿ ಹಾಳಿ ಅಂಟಿಸಿದ ಗುರಾಣಿ,
ಮ್ಯಾಲೆ ಕೆಂಪು ಬಣ್ಣದಾಗ "ನಂಬಿಕೆ".
ಚಂದ ಐತಿ ಅಂದೆ.
ಹಗ್ಗದ ಹಿಡಿಕಿ ತೋರಸಾಕ ಆಕಿ ತಿರುವಿದಳು.
ಒಳಮೈಯಾಗ ಬಾಟಲಿಯ ಚಿತ್ರ,
ಒಂದು ಡಜನ್, ಗಾಜು, ಜ್ವಾಕಿ.
ರಟ್ಟು ಆ ಅಂಗಡಿದು. ಪುಕ್ಕಟ ಕೊಟ್ಟಾರಂತ.
ಗುರಾಣಿಯ ಹೊರಗಿನ ಮುಖ ವೈರಿಗೆ ಕಾಣತೈತಿ,
ಒಳಗಿಂದು ಹಿಡಿದಾವಗ.

ಪಾಸ್ಟರ್ ಎಲಿಷಪ್ಪನವರು ಅವತ್ತು ಮೋಶೆಯ ಕಥಿ ಹೇಳಿದರು.
ಕೆಳಗ ಅಮಾಲೇಕ್ಯರ ಜೋಡಿ ಹೊಡೆದಾಟ,
ಗುಡ್ಡದ ಮ್ಯಾಲೆ ಒಬ್ಬ ಮುದುಕ.
(ನಮ್ಮೂರಾಗ ಗುಡ್ಡಕ್ಕೇನು ಕಡಿಮಿ, ಹೆಸರಾಗ ಐತಿ.)
ಕೈ ಎತ್ತಿದರ ಗೆಲುವು, ಇಳದರ ಸೋಲು.
ತ್ವಾಳು ಸೋತು ಬಂದಾಗ ಕಲ್ಲಿನ ಮ್ಯಾಲೆ ಕುಂದರಿಸಿ
ಆ ಕಡಿ ಆರೋನ, ಈ ಕಡಿ ಹೂರ
ಕೈ ಹಿಡದು ನಿಂತರಂತ, ಹೊತ್ತು ಮುಳುಗೂತನಕ.
ಅಷ್ಟಕ್ಕ ಯುದ್ಧ ಮುಗೀತು, ಆಮೆನ್.

ನನಗ ನಗಿ ಬಂತು.
ಹೊತ್ತು ಮುಳುಗೂತನಕ ನಾನೂ ಗೆಲ್ಲತೀನಿ, ಅಯ್ಯನೋರೆ.
ಮುಳುಗಿದ ಮ್ಯಾಲೆ ಬರಾವ ನನ್ನ ಅಮಾಲೇಕ.

ಡಂಗುರ ಇಲ್ಲ, ಕುದರಿ ಇಲ್ಲ.
ಮಗ್ಗ ನಿಂತ ಮ್ಯಾಲೆ ಓಣಿ ಒಂಥರಾ ಸುಮ್ಮನಾಗತೈತಲ್ಲ,
ಆ ಸುಮ್ಮನದಾಗ ಬರತಾನ.
"ಭಾಳ ದಣದೀಯಪಾ" ಅಂತಾನ,
ಸತ್ತ ನಮ್ಮವ್ವನ ದನಿಯಾಗ.
ಬೈದಿದ್ದರ ಬಡದಾಡಬಹುದಿತ್ತು.
ಮರುಗತಾನ.

ನಿನ್ನೆ ಸಂಜೀಕ ಕೈ ನಡುಗಾಕ ಹತ್ತಿದವು.
ಲಾಳಿ ಜಾರಿ ಕುಣಿಗೆ ಬಿತ್ತು,
ಎಳಿ ಹನ್ನೊಂದು ಹರದವು.
ಕುಣಿಯಿಂದ ಏಳಬೇಕು, ಚಪ್ಪಲಿ ಮೆಟ್ಟಬೇಕು,
ಅಷ್ಟೇ. ಮುಂದಿನ ದಾರಿ ಕಾಲಿಗೆ ಗೊತ್ತು.
ಸುಗಂಧಾ ಓಡಿ ಬಂದು ಎಡಗೈ ಹಿಡದಳು.
ಬಲಗೈ ಬಾಗಲ ಕಡಿ ಎಳೀತಿತ್ತು.
ಆಕಿ ಒದರಿದಳು. ಒದರಿದ್ದು ದೇವರನ್ನಲ್ಲ,
ಪಕ್ಕದ ಮನಿ ಈರಸಂಗಪ್ಪನ್ನ.

ಈರಸಂಗಪ್ಪ. ಗಟಾರದ ನೀರಿನ ಸಲುವಾಗಿ
ಆರು ವರ್ಷದಿಂದ ಮಾತಿಲ್ಲದಾವ.
ಪ್ರಾರ್ಥನಾದಾಗ "ವೈರಿ" ಅಂದಾಗೆಲ್ಲ
ಮುಚ್ಚಿದ ಕಣ್ಣಾಗ ಬರತಿದ್ದದ್ದು ಅದೇ ಮುಖ,
ಹಣಿ ಮ್ಯಾಲಿನ ವಿಭೂತಿ ಸಹಿತ.

ಬಂದ. ಏನೂ ಕೇಳಲಿಲ್ಲ.
ಲುಂಗಿ ಎತ್ತಿ ಕಟ್ಟಿ ಕುಣಿಯ ದಂಡಿಗೆ ಕುಂತು
ನನ್ನ ಬಲಗೈ ತನ್ನೆರಡೂ ಅಂಗೈಯಾಗ ತಗೊಂಡ.
ನೇಕಾರನ ಅಂಗೈ, ನನ್ನಷ್ಟೇ ಒರಟು,
ಅದೇ ಬೆರಳಿನಾಗ ಅದೇ ಎಳಿ ಕೊಯ್ದ ಗೆರಿ.
"ಅವತ್ತೂ ಎಳಕೊಂಡು ಬಂದಾವ ನಾನ," ಅಂದ,
"ಭಾಳ ವಜ್ಜಿ ಅದಿಯೋ ಮಾರಾಯಾ."

ಎಷ್ಟೊತ್ತು ಕುಂತಿದ್ದೆವೋ.
ಸುನೀತಿ ಗುರಾಣಿ ತಂದು ಬಾಗಲಿಗೆ ಅಡ್ಡ ಇಟ್ಟು
ಅದರ ಹಿಂದ ನಿದ್ದಿ ಹೋದಳು.
ಕೈ ನಡುಗೂದು ನಿಂತಿರಲಿಲ್ಲ.
ನಡುಕ ಮೂರು ಮಂದಿಗೆ ಹಂಚಿ ಹೋಗಿತ್ತು.

ಗೆದ್ದೆ ಅಂತ ಹೇಳೂದಿಲ್ಲ. ನಾಳೆ ಇಪ್ಪತ್ತು.
ಹರದ ಹನ್ನೊಂದು ಎಳಿಯೊಳಗ ಏಳಕ್ಕ ಗಂಟು ಹಾಕೀನಿ,
ಉಳಿದವಕ್ಕ ಬೆಳಕು ಸಾಲಲಿಲ್ಲ.
ಗಟಾರದ ನೀರು ಇನ್ನೂ ನಮ್ಮ ಕಡಿನ ಹರೀತೈತಿ,
ಅದರ ಮಾತು ಯಾರೂ ತಗದಿಲ್ಲ.